ಸೊರಾರಿಟಿಗೆ ಮೂರು ದಾರಿ: ಮೂರನ್ನೂ ನಡೆದು ನೋಡಿದ ಹೋಲಿಕೆ

ಮೈಸೂರಿನಲ್ಲಿ ಪಿಯುಸಿ ಮುಗಿಸಿ, ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ದೊಡ್ಡ ರಾಜ್ಯ ವಿಶ್ವವಿದ್ಯಾಲಯಕ್ಕೆ ಪದವಿ ಓದಲು ಹೋದ ಮೊದಲ ವರ್ಷದಲ್ಲಿ ನಾನು ಸೊರಾರಿಟಿ, ಅಂದರೆ ಅಲ್ಲಿನ ಕಾಲೇಜು ವಿದ್ಯಾರ್ಥಿನಿಯರ ಸಂಘ, ಸೇರುವ ಮೂರು ದಾರಿಗಳನ್ನು ಒಂದರ ಹಿಂದೊಂದರಂತೆ ಪರೀಕ್ಷಿಸಿದೆ. ಆಗಸ್ಟ್‌ನಲ್ಲಿ ತರಗತಿಗಳು ಶುರುವಾಗುವ ಮುನ್ನ ನಡೆಯುವ ಔಪಚಾರಿಕ ರಿಕ್ರೂಟ್‌ಮೆಂಟ್, ಅಂದರೆ ಹೊಸ ಸದಸ್ಯರ ಆಯ್ಕೆ, ಮೊದಲನೆಯದು. ಜನವರಿಯಲ್ಲಿ ನಡೆಯುವ, ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರ ಸೊರಾರಿಟಿಯ ರಶ್, ಅಂದರೆ ಹೊಸಬರನ್ನು ಸೇರಿಸಿಕೊಳ್ಳುವ ಕೂಟಗಳು, ಎರಡನೆಯದು. ಸ್ಥಾನ ಖಾಲಿ ಉಳಿದ ಚಾಪ್ಟರ್‌ಗಳು, ಅಂದರೆ ಸೊರಾರಿಟಿಗಳ ಕ್ಯಾಂಪಸ್ ಶಾಖೆಗಳು, ಫೆಬ್ರವರಿಯಲ್ಲಿ ಸದ್ದಿಲ್ಲದೆ ನಡೆಸುವ ಮುಕ್ತ ಸೇರ್ಪಡೆ ಮೂರನೆಯದು. ನಾನು ಸೇರಿದ್ದು ಮೂರನೆಯ ದಾರಿಯಿಂದ. ಆದರೆ ಈ ಬರಹ ಯಾವ ಸೊರಾರಿಟಿ ಒಳ್ಳೆಯದು ಎಂಬುದರ ಬಗ್ಗೆ ಅಲ್ಲ. ಅಲ್ಲಿನ ಜನರನ್ನು ನಿಜವಾಗಿ ನೋಡಲು ಯಾವ ದಾರಿ ಎಷ್ಟು ಅವಕಾಶ ಕೊಡುತ್ತದೆ ಎಂಬುದರ ಬಗ್ಗೆ. ಹೊಂದಿಕೆ ಆಗುತ್ತದೆಯೋ ಇಲ್ಲವೋ ಎಂಬುದು ಅದರ ಮೇಲೆಯೇ ನಿಂತಿದೆ ಎಂದು ನನಗೆ ಅನುಭವದಿಂದ ಗೊತ್ತಾಯಿತು.

ಸೊರಾರಿಟಿ ಎಂದರೇನು ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಮೊದಲು ಹಾಸ್ಟೆಲ್ ಇದ್ದ ಹಾಗೆ ಎಂದೆ, ಆಮೇಲೆ ಮಹಿಳಾ ಸಮಾಜದ ಹಾಗೆ ಎಂದೆ. ಎರಡೂ ಅರ್ಧ ಮಾತ್ರ ನಿಜ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ವಿದ್ಯಾರ್ಥಿನಿಯರೇ ನಡೆಸುವ, ಒಮ್ಮೆ ಸೇರಿದರೆ ಜೀವನವಿಡೀ ಸದಸ್ಯತ್ವ ಉಳಿಯುವ ಸಂಘಗಳಿವು. ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಇಂಥ ಮೊದಲ ಗುಂಪು ಹುಟ್ಟಿತು; ಅದೇ ಇಂದಿನ ಆಲ್ಫಾ ಡೆಲ್ಟಾ ಪೈ. 1874ರಲ್ಲಿ ಸಿರಕ್ಯೂಸ್‌ನಲ್ಲಿ ಆರಂಭವಾದ ಗಾಮಾ ಫೈ ಬೀಟಾಗೆಂದು ಅಲ್ಲಿನ ಲ್ಯಾಟಿನ್ ಪ್ರಾಧ್ಯಾಪಕರೊಬ್ಬರು ಸೋದರಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ‘ಸೊರಾರಿಟಿ’ ಎಂಬ ಪದವನ್ನು ಕಟ್ಟಿಕೊಟ್ಟರು. ನಮ್ಮ ಆಡುಮಾತಿನಲ್ಲಿ ಬರೀ ಸೋದರಿ ಎನ್ನುವವರು ಕಡಿಮೆ, ಅಕ್ಕ ಇಲ್ಲವೇ ತಂಗಿ. ಈ ಸಂಘಗಳಲ್ಲೂ ಹಾಗೆಯೇ: ಹೊಸಬಳಿಗೆ ಒಬ್ಬ ಹಿರಿಯಳನ್ನು ‘ಬಿಗ್’ ಎಂದು ಜೋಡಿಸುತ್ತಾರೆ, ಹೊಸಬಳು ‘ಲಿಟಲ್’. ಇಲ್ಲಿನ ಕನ್ನಡ ಕೂಟಗಳ ಒಕ್ಕೂಟಕ್ಕೆ ‘ಅಕ್ಕ’ ಎಂದೇ ಹೆಸರು ಇರುವುದನ್ನು ನೆನೆದು, ಈ ಪದ್ಧತಿ ನನಗೆ ಮೊದಲ ದಿನವೇ ಹತ್ತಿರದ್ದು ಅನ್ನಿಸಿತ್ತು.

ಔಪಚಾರಿಕ ರಿಕ್ರೂಟ್‌ಮೆಂಟ್ ನಡೆಸುವುದು 1902ರಲ್ಲಿ ಆರಂಭವಾದ, 20ಕ್ಕೂ ಹೆಚ್ಚು ಸೊರಾರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ನ ನಿಯಮಗಳ ಪ್ರಕಾರ. ನಮ್ಮ ಕ್ಯಾಂಪಸ್ಸಿನಲ್ಲಿ ಅವುಗಳಲ್ಲಿ 14ರ ಚಾಪ್ಟರ್‌ಗಳಿದ್ದವು. ಮೊದಲ ಸುತ್ತಿನಲ್ಲಿ ಎರಡು ದಿನಗಳಲ್ಲಿ, ಸದಸ್ಯೆಯರು ಒಟ್ಟಿಗೆ ವಾಸಿಸುವ 14 ಮನೆಗಳನ್ನೂ ನೋಡಬೇಕು. ಆಮೇಲೆ ಅವರ ಸೇವಾಕಾರ್ಯದ ಸುತ್ತು, ಸಹೋದರಿತ್ವದ ಸುತ್ತು, ಕೊನೆಗೆ ಹೆಚ್ಚೆಂದರೆ ಎರಡು ಮನೆಗಳಿಗೆ ಹೋಗುವ ಪ್ರಿಫರೆನ್ಸ್ ರಾತ್ರಿ. ಪ್ರತಿ ಸುತ್ತಿನ ಕೊನೆಗೆ ನಾವು ಮನೆಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುತ್ತೇವೆ, ಮನೆಯವರು ನಮ್ಮನ್ನು ಗುರುತಿಸುತ್ತಾರೆ, ಎರಡನ್ನೂ ಹೊಂದಿಸಿ ಮರುದಿನ ಬೆಳಿಗ್ಗೆ ವೇಳಾಪಟ್ಟಿ ಬರುತ್ತದೆ.

ಇಲ್ಲಿ ಒಂದು ವಿಷಯವನ್ನು ಹೊಸಬರು ಮೊದಲೇ ತಿಳಿದಿರಬೇಕು, ಏಕೆಂದರೆ ನನ್ನ ಮಹಡಿಯ ಎಷ್ಟೋ ಹುಡುಗಿಯರು ಇದು ಗೊತ್ತಿಲ್ಲದೆ ಅತ್ತರು. ಒಂದು ಮನೆ ಮುಂದಿನ ಸುತ್ತಿಗೆ ಎಷ್ಟು ಜನರನ್ನು ಕರೆಯಬಹುದು ಎಂಬುದನ್ನು, ಹಿಂದಿನ ವರ್ಷಗಳಲ್ಲಿ ಆ ಮನೆಗೆ ಎಷ್ಟು ಜನ ಮರಳಿ ಬಂದರು ಎಂಬ ಲೆಕ್ಕ ಹಾಕಿ ಮುಂಚೆಯೇ ಗೊತ್ತುಮಾಡಿರುತ್ತಾರೆ. ಬೇಡಿಕೆ ಹೆಚ್ಚಿರುವ ಮನೆ ಮೊದಲ ಸುತ್ತಿನಲ್ಲೇ ಬಹಳ ಜನರನ್ನು ಕೈಬಿಡಲೇಬೇಕಾಗುತ್ತದೆ. ಹಾಗೆ ಮಾಡದಿದ್ದರೆ ಕೊನೆಯ ದಿನ ಎಷ್ಟೋ ಜನ ಬೇರೆಲ್ಲೂ ದಾರಿ ಉಳಿಯದೆ ನಿಲ್ಲುತ್ತಾರೆ. ಆದ್ದರಿಂದ ಬೆಳಿಗ್ಗೆ ಪಟ್ಟಿಯಲ್ಲಿ ಒಂದು ಹೆಸರು ಕಾಣದಿದ್ದರೆ ‘ಅವರಿಗೆ ನಾನು ಇಷ್ಟವಾಗಲಿಲ್ಲ’ ಎಂದೇ ತಿಳಿಯಬೇಕಾಗಿಲ್ಲ. ತಾಯಿಯೋ ಅಜ್ಜಿಯೋ ಅದೇ ಸೊರಾರಿಟಿಯ ಸದಸ್ಯೆಯಾಗಿದ್ದರೆ ಸಿಗುತ್ತಿದ್ದ ಆದ್ಯತೆಯನ್ನು 2020ರಿಂದ ಈಚೆಗೆ ಹಲವು ಸೊರಾರಿಟಿಗಳು ಕೈಬಿಟ್ಟಿರುವುದು ನಮ್ಮಂಥ ಹೊರಗಿನಿಂದ ಬಂದವರಿಗೆ ಒಳ್ಳೆಯದೇ ಆಗಿದೆ.

ಆ ವಾರ ನನಗೆ ತೋರಿಸಿದ್ದು ಬಹಳ, ನೋಡಲು ಬಿಟ್ಟದ್ದು ಕಡಿಮೆ. ಬಾಗಿಲು ತೆರೆದೊಡನೆ ಐವತ್ತು ಅರವತ್ತು ಜನ ಒಟ್ಟಿಗೆ ಚಪ್ಪಾಳೆ ತಟ್ಟಿ ಹಾಡುತ್ತಾರೆ, ಒಬ್ಬಳು ಕೈಹಿಡಿದು ಒಳಗೆ ಕರೆದೊಯ್ಯುತ್ತಾಳೆ, ಮಾತು ಊರಿನಿಂದ ಓದಿಗೆ ಬರುವಷ್ಟರಲ್ಲಿ ಇನ್ನೊಬ್ಬಳು ಅವಳ ಭುಜ ಮುಟ್ಟಿ ಆ ಜಾಗಕ್ಕೆ ಬರುತ್ತಾಳೆ. ಇಪ್ಪತ್ತೈದು ನಿಮಿಷಗಳಲ್ಲಿ ನಾಲ್ವರೊಡನೆ ಮಾತು ಮುಗಿಯುತ್ತದೆ. ನನ್ನ ಹೆಸರಿನಲ್ಲಿ ಒಂದು ‘ಳ’ ಇದೆ. 14 ಮನೆಗಳಲ್ಲಿ ಒಬ್ಬರೂ ಅದನ್ನು ಸರಿಯಾಗಿ ಹೇಳಲಿಲ್ಲ, ಹೇಗೆ ಹೇಳಬೇಕು ಎಂದು ಕೇಳಿದವರು ಇಬ್ಬರು. ಆ ಇಬ್ಬರ ಮನೆಗಳನ್ನು ನಾನು ಚೀಟಿಯ ಹಿಂದೆ ಬರೆದಿಟ್ಟುಕೊಂಡೆ, ಅದರಲ್ಲಿ ಒಂದು ಮುಂದೆ ಕೆಲಸಕ್ಕೆ ಬಂತು.

ನನ್ನ ಪಟ್ಟಿ 14ರಿಂದ ಏಳಕ್ಕೆ, ಏಳರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿಯಿತು. ಪ್ರಿಫರೆನ್ಸ್ ರಾತ್ರಿ ಆ ಒಂದು ಮನೆಯಲ್ಲಿ ದೀಪಗಳನ್ನು ಆರಿಸಿ ಮೇಣದ ಬತ್ತಿ ಹಚ್ಚಿದ್ದರು, ಎಲ್ಲರೂ ಬಿಳಿಯ ಉಡುಪಿನಲ್ಲಿದ್ದರು, ನನ್ನ ಎದುರು ಕುಳಿತ ಸದಸ್ಯೆ ನನಗೆಂದೇ ಬರೆದ ಪತ್ರವನ್ನು ಮೆಲುದನಿಯಲ್ಲಿ ಓದಿದಳು. ‘ನಿನ್ನ ಪುಟ್ಟ ತಮ್ಮನ ಬಗ್ಗೆ ನೀನು ಮಾತಾಡಿದ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ’ ಎಂದು ಅದರಲ್ಲಿ ಇತ್ತು. ನನಗೆ ತಮ್ಮನಿಲ್ಲ, ನಾನು ಒಬ್ಬಳೇ ಮಗಳು. ಅವಳು ಕೆಟ್ಟವಳಲ್ಲ, ಆ ವಾರ ನೂರಾರು ಮುಖಗಳನ್ನು ನೋಡಿ ದಣಿದಿದ್ದಳು, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆದರೆ ಆ ಪತ್ರ ಇನ್ಯಾರಿಗೋ ಸೇರಬೇಕಾದದ್ದು ಎಂದು ತಿಳಿದ ಮೇಲೆ ನನಗೆ ಅಲ್ಲಿ ಕೂರಲು ಕಷ್ಟವಾಯಿತು.

ಅಂದೇ ರಾತ್ರಿ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತು. ಅದರಲ್ಲಿ ನಾವು ಬರೆದ ಮನೆಯಿಂದ ಬಿಡ್, ಅಂದರೆ ಸೇರುವ ಆಹ್ವಾನ ಬಂದು, ನಾವು ಅದನ್ನು ನಿರಾಕರಿಸಿದರೆ ಆ ಕ್ಯಾಂಪಸ್ಸಿನಲ್ಲಿ ಮುಂದಿನ ವರ್ಷದ ರಿಕ್ರೂಟ್‌ಮೆಂಟ್‌ವರೆಗೆ ಪ್ಯಾನ್‌ಹೆಲೆನಿಕ್ ಸೊರಾರಿಟಿ ಯಾವುದನ್ನೂ ಸೇರುವಂತಿಲ್ಲ. ನಮ್ಮ ಗುಂಪಿಗೆ ನೇಮಿಸಿದ್ದ ಮಾರ್ಗದರ್ಶಿ, ತನ್ನ ಸೊರಾರಿಟಿಯ ಗುರುತನ್ನು ಆ ಅವಧಿಗೆ ಬದಿಗಿಟ್ಟು ನಿಷ್ಪಕ್ಷಪಾತವಾಗಿ ಇರಬೇಕಾದ ಹಿರಿಯ ವಿದ್ಯಾರ್ಥಿನಿ, ಸಹಿ ಕಡ್ಡಾಯವಲ್ಲ ಎಂದೂ, ಸಹಿ ಹಾಕದೆ ಹಿಂದೆ ಸರಿದವರಿಗೆ ಆಮೇಲಿನ ಮುಕ್ತ ಸೇರ್ಪಡೆಯ ಬಾಗಿಲು ತೆರೆದೇ ಇರುತ್ತದೆ ಎಂದೂ ಸ್ಪಷ್ಟವಾಗಿ ಹೇಳಿದಳು. ಆ ಒಂದು ಮಾತಿಗಾಗಿ ನಾನು ಅವಳಿಗೆ ಇಂದಿಗೂ ಋಣಿ. ನಾನು ಸಹಿ ಹಾಕಲಿಲ್ಲ.

ದಕ್ಷಿಣ ಏಷ್ಯಾದ ಸೊರಾರಿಟಿಯ ರಶ್ ಇದಕ್ಕೆ ನೇರ ವಿರುದ್ಧವಾಗಿತ್ತು. ಇಂಥ ಪ್ರತ್ಯೇಕ ಸೊರಾರಿಟಿಗಳು ಏಕೆ ಬೇಕಾದವು ಎಂಬುದಕ್ಕೆ ಇತಿಹಾಸವಿದೆ. ಕಪ್ಪು ವಿದ್ಯಾರ್ಥಿನಿಯರ ಮೊದಲ ಸೊರಾರಿಟಿ ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದಾಗಿ ನೂರು ವರ್ಷ ದಾಟಿದ ಮೇಲೂ, 2013ರಲ್ಲಿ, ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್, ಅಲ್ಲಿನ ಬಿಳಿಯರ ಸೊರಾರಿಟಿಗಳು ಕಪ್ಪು ವಿದ್ಯಾರ್ಥಿನಿಯರನ್ನು ಹೊರಗಿಡುತ್ತಿರುವುದನ್ನು ಬರೆದು ಬಯಲು ಮಾಡಬೇಕಾಯಿತು. ಭಾರತ ಉಪಖಂಡದ ಮೂಲದವರ ಮೂರು ಸೊರಾರಿಟಿಗಳು ಒಂದೇ ವರ್ಷ, 1998ರಲ್ಲಿ, ಹುಟ್ಟಿದವು: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ, ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ಇವು ಬೇರೆ ಮೂಲದವರನ್ನು ಹೊರಗಿಡುವುದಿಲ್ಲ.

ನಾನು ಹೋದ ಚಾಪ್ಟರ್‌ನಲ್ಲಿ ಇದ್ದವರು 13 ಜನ, ಸ್ವಂತ ಮನೆ ಇರಲಿಲ್ಲ. ವಿದ್ಯಾರ್ಥಿ ಭವನದ ಒಂದು ಕೋಣೆಯಲ್ಲಿ ಸ್ಟೀಲ್ ಪಾತ್ರೆಯಲ್ಲಿ ಚಹಾ ಕುದಿಸಿ, ಮೆಹಂದಿ ಹಚ್ಚುತ್ತಾ ಮೂರು ಗಂಟೆ ಕುಳಿತೆವು. ಯಾರೂ ಯಾರ ಭುಜವನ್ನೂ ಮುಟ್ಟಿ ಎಬ್ಬಿಸಲಿಲ್ಲ. ಪುಣೆ ಮೂಲದ ಒಬ್ಬಳು ನನ್ನ ಹೆಸರನ್ನು ‘ಳ’ ಸಮೇತ ಮೊದಲ ಸಲವೇ ಹೇಳಿದಳು, ಮರಾಠಿಯಲ್ಲೂ ಆ ಅಕ್ಷರ ಇದೆಯಲ್ಲ. ಆರು ತಿಂಗಳಿನಿಂದ ಯಾರ ಬಾಯಲ್ಲೂ ಹಾಗೆ ಕೇಳಿರದ ನನಗೆ ಗಂಟಲು ಕಟ್ಟಿತು. ನಾನು ಸಸ್ಯಾಹಾರಿ ಎಂದು ವಿವರಿಸಬೇಕಾಗಿರಲಿಲ್ಲ, ಪ್ರತಿ ಭಾನುವಾರ ಮನೆಗೆ ಫೋನ್ ಮಾಡಲೇಬೇಕು ಎಂಬುದನ್ನೂ ವಿವರಿಸಬೇಕಾಗಿರಲಿಲ್ಲ. ಆತ್ಮೀಯತೆಯೊಂದನ್ನೇ ಅಳೆದರೆ ಈ ದಾರಿಗೆ ಉಳಿದೆರಡೂ ಸಾಟಿಯಲ್ಲ, ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ನನ್ನನ್ನು ತಡೆದದ್ದು ಒಂದೇ ಪ್ರಶ್ನೆ. ಬಿಡ್ ಒಪ್ಪಿದ ಮೇಲೆ ಹೊಸ ಸದಸ್ಯರ ತರಬೇತಿಯ ಅವಧಿ ಎಷ್ಟು ವಾರ, ವಾರಕ್ಕೆ ಎಷ್ಟು ಸಂಜೆ, ಎಷ್ಟು ಗಂಟೆಯವರೆಗೆ ಎಂದು ನಾನು ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಪ್ರೀತಿಯಿಂದಲೇ, ‘ಅದನ್ನು ಮೊದಲೇ ಹೇಳುವ ಪದ್ಧತಿ ಇಲ್ಲ, ನಮ್ಮನ್ನು ನಂಬು’ ಎಂದರು. ಅಲ್ಲಿ ಏನಾದರೂ ತಪ್ಪು ನಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಅಂಥದ್ದನ್ನು ನಾನು ಕಂಡಿಲ್ಲ. ಆದರೆ ಹೊಸಬರಿಗೆ ಹಿಂಸೆ ಕೊಟ್ಟ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗವಾಗಿ ವರದಿ ಮಾಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಅಮೆರಿಕ ಕಾನೂನು ಮಾಡಿದ ಮೇಲೆ, ಸಮಯದ ಲೆಕ್ಕವನ್ನು ಬಾಯಿಬಿಟ್ಟು ಹೇಳಲು ಯಾವ ಸಂಘವೂ ಹಿಂಜರಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನನಗೆ ವಾರಕ್ಕೆ ಎರಡು ದಿನ ಸಂಜೆ ರಸಾಯನಶಾಸ್ತ್ರದ ಲ್ಯಾಬ್ ಇತ್ತು, ಉಳಿದ ಸಂಜೆಗಳಲ್ಲಿ ಗ್ರಂಥಾಲಯದ ಕೆಲಸವಿತ್ತು. ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಆ ಗಂಟೆಗಳನ್ನು ಕಳೆದುಕೊಳ್ಳುವ ಸ್ಥಿತಿ ನನ್ನದಾಗಿರಲಿಲ್ಲ.

ಮುಕ್ತ ಸೇರ್ಪಡೆಗೆ ಸುತ್ತುಗಳಿಲ್ಲ, ಹಾಡಿಲ್ಲ, ವೇಳಾಪಟ್ಟಿಯಿಲ್ಲ. ಸದಸ್ಯರ ಸಂಖ್ಯೆ ನಿಗದಿತ ಮಿತಿಗಿಂತ ಕಡಿಮೆ ಇರುವ ಚಾಪ್ಟರ್ ತಾನೇ ಕರೆಯುತ್ತದೆ. ಇದರ ದೊಡ್ಡ ಕೊರತೆ ಎಂದರೆ ಆಯ್ಕೆ ಸಣ್ಣದು: ನಮ್ಮಲ್ಲಿ ಆ ಫೆಬ್ರವರಿಯಲ್ಲಿ ಕರೆದದ್ದು ಮೂರು ಮನೆಗಳು ಮಾತ್ರ. ‘ತುಂಬದೆ ಉಳಿದ ಮನೆಗೆ ಏಕೆ ಹೋಗುತ್ತೀ’ ಎಂದು ರೂಮ್‌ಮೇಟ್ ಕೇಳಿದಳು. ಆದರೆ ಆ ಮೂರರಲ್ಲಿ ಒಂದು, ನನ್ನ ಹೆಸರು ಹೇಗೆ ಹೇಳಬೇಕು ಎಂದು ಕೇಳಿದ್ದ ಮನೆ. ಎರಡನೆಯ ಸುತ್ತಿನಲ್ಲಿ ಕೈತಪ್ಪಿ ಹೋಗಿತ್ತು.

ಮಂಗಳವಾರ ಸಂಜೆ ಊಟಕ್ಕೆ ಕರೆದಿದ್ದರು. ಬಾಗಿಲು ತೆರೆದವಳ ಕೈಯಲ್ಲಿ ಸಾಬೂನಿನ ನೊರೆ ಇತ್ತು. ಊಟದ ಮೇಜಿನ ಅರ್ಧ ಭಾಗದಲ್ಲಿ ಯಾರದೋ ಅಂಗರಚನಾಶಾಸ್ತ್ರದ ಚೀಟಿಗಳು ಹರಡಿದ್ದವು, ಅವನ್ನು ಸರಿಸಿ ನನಗೆ ಜಾಗ ಮಾಡಿದರು. ಊಟದ ನಡುವೆ ಮೆಟ್ಟಿಲ ಮೇಲೆ ಒಬ್ಬಳು ಅಳುತ್ತಾ ಕುಳಿತಿರುವುದು ಕಾಣಿಸಿತು, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿತ್ತಂತೆ. ಇಬ್ಬರು ತಟ್ಟೆ ಬಿಟ್ಟು ಎದ್ದು ಹೋಗಿ, ಅವಳ ಆಚೆ ಈಚೆ ಕುಳಿತು, ಇಪ್ಪತ್ತು ನಿಮಿಷ ಏನೂ ಮಾತಾಡದೆ ಇದ್ದರು. ನಾನು ನೋಡುತ್ತಿದ್ದೇನೆ ಎಂಬ ಎಚ್ಚರ ಅವರಲ್ಲಿ ಯಾರಿಗೂ ಇರಲಿಲ್ಲ. ಆಗಸ್ಟ್‌ನ ವಾರವಿಡೀ ನಾನು ಹುಡುಕಿದ್ದು ಇದನ್ನೇ.

ನನ್ನ ಸಮಯದ ಪ್ರಶ್ನೆಗೆ ಉತ್ತರ ಒಂದು ಹಾಳೆಯ ಮೇಲೆ ಸಿಕ್ಕಿತು: ಆರು ವಾರ, ವಾರಕ್ಕೆ ಒಂದು ಸಭೆ, ಲ್ಯಾಬ್ ಇದ್ದ ದಿನ ಬಿಡುವು. ಖರ್ಚಿನ ಹಾಳೆಯೂ ಅದರ ಜೊತೆಗೇ ಇತ್ತು. ಖರ್ಚಿನಲ್ಲಿ ಈ ಮನೆ ದಕ್ಷಿಣ ಏಷ್ಯಾದ ಚಾಪ್ಟರ್‌ಗಿಂತ ಬಹಳ ದುಬಾರಿ, ಏಕೆಂದರೆ ಅಡುಗೆಯವರು, ಕಟ್ಟಡ, ದುರಸ್ತಿ ಎಲ್ಲದರ ಪಾಲು ಸದಸ್ಯರ ಮೇಲೆಯೇ ಬೀಳುತ್ತದೆ. ಅಲ್ಲೇ ವಾಸಿಸದವರೂ ಒಂದು ಭಾಗ ಕೊಡಬೇಕು. ಔಪಚಾರಿಕ ವಾರದ ನೋಂದಣಿಗೆ ಕೊಟ್ಟ ಹಣ ಮರಳಿ ಬರುವುದಿಲ್ಲ, ಇನ್ನೆರಡು ದಾರಿಗಳಲ್ಲಿ ನೋಂದಣಿಗೆ ಹಣವೇ ಇಲ್ಲ. ಅಪ್ಪ ಅಮ್ಮನ ಚಿಂತೆ ಬೇರೆ ಇತ್ತು, ಕುಡಿತದ ಬಗ್ಗೆ. ಪ್ಯಾನ್‌ಹೆಲೆನಿಕ್ ಸೊರಾರಿಟಿಗಳ ಮನೆಗಳೊಳಗೆ ಸಾಮಾನ್ಯವಾಗಿ ಮದ್ಯಕ್ಕೆ ಅನುಮತಿ ಇಲ್ಲ ಎಂದು ಹೇಳಿದಾಗ ಅವರಿಗೆ ಸಮಾಧಾನವಾಯಿತು.

ದಾರಿಗಳಲ್ಲಿ ಇಷ್ಟು ವ್ಯತ್ಯಾಸವಿರುವಾಗ, ಊರಿನಿಂದ ಬರುವ ಹುಡುಗಿಗೆ ನಾನು ಏನು ಹೇಳುತ್ತೇನೆ ಎಂಬುದು ಅವಳ ಸ್ವಭಾವದ ಮೇಲೆ ನಿಲ್ಲುತ್ತದೆ. ಹೊಸಬರೊಡನೆ ಥಟ್ಟನೆ ಮಾತು ಬೆಳೆಸಬಲ್ಲವಳಿಗೆ ಆಗಸ್ಟ್‌ನ ವಾರ ಒಂದೇ ಸಲಕ್ಕೆ ಇಡೀ ಕ್ಯಾಂಪಸ್ಸನ್ನು ತೋರಿಸುತ್ತದೆ, ಅವಳು ಅದನ್ನು ಬಿಡಬಾರದು. ಮನೆಯ ನೆನಪಿನಿಂದ ಕಂಗೆಟ್ಟವಳು, ಸಂಜೆಗಳು ಬಿಡುವಾಗಿದ್ದರೆ, ಜನವರಿಯ ಚಹಾಕ್ಕೆ ಹೋಗಲಿ. ನನ್ನಂತೆ ಮಾತು ಹತ್ತಲು ಅರ್ಧ ಗಂಟೆ ಬೇಕಾದವಳು ಫೆಬ್ರವರಿಯವರೆಗೆ ಕಾಯಬಹುದು, ಆದರೆ ಕಾಯುವುದಾದರೆ ಆಗಸ್ಟ್‌ನಲ್ಲಿ ಮನಸ್ಸಿಲ್ಲದೆ ಸಹಿ ಹಾಕಿರಬಾರದು.

ಪುಣೆಯ ಆ ಗೆಳತಿಯೊಡನೆ ನನ್ನ ಒಡನಾಟ ತಪ್ಪಿಲ್ಲ, ಯುಗಾದಿಗೆ ಅವಳ ಕೋಣೆಯಲ್ಲೇ ಬೇವು ಬೆಲ್ಲ ತಿಂದೆವು. ಅವರಿಗೆ ಅಂದು ಗುಢಿ ಪಾಡ್ವಾ. ಮಾರ್ಚ್‌ನಲ್ಲಿ ನನಗೆ ಬಿಗ್ ಆಗಿ ಸಿಕ್ಕವಳು ಅಂಗರಚನಾಶಾಸ್ತ್ರದ ಚೀಟಿಗಳ ಒಡತಿ, ಅಯೋವಾದ ರೈತರ ಮಗಳು. ನಿಮ್ಮ ಭಾಷೆಯಲ್ಲಿ ಬಿಗ್‌ಗೆ ಏನೆನ್ನುತ್ತೀರಿ ಎಂದು ಕೇಳಿದಳು. ‘ಅಕ್ಕ’ ಎಂದೆ. ಆ ಮಾತು ಅವಳಿಗೆ ಒಂದೇ ಸಲಕ್ಕೆ ಬಂತು. ನನ್ನ ಹೆಸರಿನ ‘ಳ’ಕ್ಕಾಗಿ, ಪಾತ್ರೆ ತೊಳೆಯುವ ಹೊತ್ತಿನಲ್ಲಿ, ನಾಲಿಗೆಯನ್ನು ಹಿಂದಕ್ಕೆ ಮಡಚಿ ಇನ್ನೂ ಅಭ್ಯಾಸ ಮಾಡುತ್ತಿದ್ದಾಳೆ.