ಐನೂರು ಕನ್ನಡ ಫಾಂಟ್, 499 ರೂಪಾಯಿ: ಹಣ ಕಳುಹಿಸುವ ಮೊದಲು ಇದನ್ನು ಓದಿ

"ಐನೂರು ಕನ್ನಡ ಫಾಂಟ್‌ಗಳು, ಜೀವನಪರ್ಯಂತ ವಾಣಿಜ್ಯ ಪರವಾನಗಿ, ಬೆಲೆ ಕೇವಲ 499 ರೂಪಾಯಿ, ಜೊತೆಗೆ ತುಳು ಲಿಪಿಯ ಫಾಂಟ್ ಉಚಿತ." ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಂಗಳೂರು, ಉಡುಪಿ, ಮಣಿಪಾಲದ ಡಿಸೈನ್ ವಿದ್ಯಾರ್ಥಿಗಳ ಇನ್‌ಸ್ಟಾಗ್ರಾಂನಲ್ಲಿ ಈ ಜಾಹೀರಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಯವಿಟ್ಟು ಹಣ ಕಳುಹಿಸಬೇಡಿ. 499 ರೂಪಾಯಿ ಹೋದರೆ ಎರಡು ದಿನದ ಊಟ ಹೋಯಿತು ಎಂದುಕೊಳ್ಳಬಹುದು. ನನ್ನ ವಿಷಯದಲ್ಲಿ ಅದರ ಬೆನ್ನಿಗೆ ಎಂಟು ಸಾವಿರ ರೂಪಾಯಿಯ ಕೆಲಸವೂ ಹೋಯಿತು.

ನಾನು ಮಂಗಳೂರಿನಲ್ಲಿ ಡಿಸೈನ್ ಓದುತ್ತಿದ್ದೇನೆ. ಇನ್ಫೋಗ್ರಾಫಿಕ್ ವಿಷಯಕ್ಕೆ ನಾನು ಆರಿಸಿಕೊಂಡದ್ದು ಶಂಕರಪುರ ಮಲ್ಲಿಗೆಯ ದರ. ಕರಾವಳಿಯವರಿಗೆ ಗೊತ್ತಿರುವಂತೆ ಈ ಹೂವನ್ನು ಮಾರುವುದು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನಾ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆ, ನೇಮ, ಜಾತ್ರೆಗಳು ಒಟ್ಟಿಗೆ ಬಂದ ವಾರ ಅದು ಏರುವ ಪರಿ ನೋಡಿದರೆ ಶೇರು ಮಾರುಕಟ್ಟೆಯವರೂ ಬೆರಗಾಗಬೇಕು. ಒಂದು ವರ್ಷದ ಏರಿಳಿತವನ್ನು ಹೂವಿನ ಎಳೆಯಂತೆ ಹೆಣೆದು, ಶಿರ್ವ, ಕಟಪಾಡಿ, ಶಂಕರಪುರದ ನಕ್ಷೆಯ ಮೇಲೆ ಇಟ್ಟು, ದೊಡ್ಡ ಕನ್ನಡ ಅಂಕಿಗಳಲ್ಲಿ ದರ ಬರೆದಿದ್ದೆ. ಕಾಲೇಜಿನ ಪ್ರದರ್ಶನದಲ್ಲಿ ಅದನ್ನು ನೋಡಿದ ಉಡುಪಿಯ ಒಂದು ಸಂಸ್ಥೆಯವರು ತಮ್ಮ ಗೋಡೆಗೂ ಜಾಲತಾಣಕ್ಕೂ ಬೇಕೆಂದು ಕೇಳಿದರು. ಎಂಟು ಸಾವಿರಕ್ಕೆ ಮಾತಾಯಿತು.

ಫಾಂಟ್ ಕೊಂಡದ್ದು ಅದಕ್ಕೂ ಮೊದಲೇ. ಕನ್ನಡದಲ್ಲಿ ಶೀರ್ಷಿಕೆಗೆ ಒಪ್ಪುವ, ಸ್ವಲ್ಪ ಠೀವಿಯಿರುವ ಅಕ್ಷರಗಳನ್ನು ಹುಡುಕಿದವರಿಗೆ ಆಯ್ಕೆ ಎಷ್ಟು ಕಡಿಮೆ ಎಂಬುದು ಗೊತ್ತಿರುತ್ತದೆ. ಮಾರಾಟಗಾರನ ಮಾದರಿ ಚಿತ್ರಗಳು ಅಂದವಾಗಿದ್ದವು. ಹಣ ಕೊಟ್ಟ ಕೂಡಲೇ ಡೌನ್‌ಲೋಡ್ ಕೊಂಡಿಯ ಜೊತೆಗೆ ನನ್ನ ಹೆಸರು ಬರೆದ, ಬಂಗಾರದ ಅಂಚಿನ, ಮೊಹರು ಒತ್ತಿದ ಪರವಾನಗಿ ಪ್ರಮಾಣಪತ್ರವೂ ಬಂತು. ಯೂನಿಕೋಡ್ ಪಠ್ಯವನ್ನು, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಾಮಾನ್ಯ ಸಂಕೇತದಲ್ಲಿರುವ ಕನ್ನಡವನ್ನು, ಹಾಕಿ ಆ ಫಾಂಟಿಗೆ ತಕ್ಕಂತೆ ಬದಲಿಸಿಕೊಳ್ಳಲು ಒಂದು ಪರಿವರ್ತಕವೂ ಇತ್ತು. ಹಂಪನಕಟ್ಟೆಯ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಲಗ್ನಪತ್ರಿಕೆಯಿಂದ ಕೋಲದ ಕರಪತ್ರದವರೆಗೆ ಎಲ್ಲವೂ ಹೀಗೆ ಪರಿವರ್ತಿಸಿಯೇ ತಯಾರಾಗುವುದು, ಆದ್ದರಿಂದ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕಾಲೇಜಿನ ಪ್ರದರ್ಶನಕ್ಕೆ ಮುದ್ರಿಸಿದ ಹಾಳೆಯೂ ಚೆನ್ನಾಗಿಯೇ ಬಂದಿತ್ತು.

ಬಣ್ಣ ಬಯಲಾದದ್ದು ಜಾಲತಾಣದ ಕೆಲಸದಲ್ಲಿ. ಸಂಸ್ಥೆಯ ತಾಂತ್ರಿಕ ಕೆಲಸ ನೋಡಿಕೊಳ್ಳುವ ಹಿರಿಯರು ಕರೆ ಮಾಡಿ, "ನಿಮ್ಮ ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಒಂದಕ್ಷರವೂ ಕನ್ನಡ ಇಲ್ಲವಲ್ಲಮ್ಮ" ಎಂದರು. ಪರದೆಯ ಮೇಲೆ ಕನ್ನಡವೆಂದು ಕಾಣುತ್ತಿದ್ದದ್ದು ಒಳಗೆ ಪೂರಾ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು, ಚುಕ್ಕೆಗಳನ್ನು ಹೊತ್ತವು. ಅಂಕಿಗಳ ಪಾಡು ಇನ್ನೂ ಕೆಟ್ಟದು: ಆ ಫಾಂಟ್ ಇಂಗ್ಲಿಷ್ ಅಂಕಿಗಳ ಜಾಗದಲ್ಲಿ ಕನ್ನಡ ಅಂಕಿಯ ಚಿತ್ರ ಇಟ್ಟಿತ್ತು, ಹಾಗಾಗಿ ಫಾಂಟ್ ಬದಲಿಸಿದ ಕ್ಷಣ ದರಗಳೆಲ್ಲ ಇಂಗ್ಲಿಷ್ ಅಂಕಿಗಳಾಗಿ ಕುಳಿತವು, ಸುತ್ತಲಿನ ಪಠ್ಯ ಗೋಜಲಾಯಿತು. ಹುಡುಕಿದರೆ "ಮಲ್ಲಿಗೆ" ಎಂಬ ಪದ ಪುಟದಲ್ಲೇ ಇಲ್ಲ. ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕಂತೂ ಅದು ಅರ್ಥವಿಲ್ಲದ ಸದ್ದು.

ಎರಡನೆಯ ಪ್ರಶ್ನೆಯೂ ಅವರದೇ: ಈ ಫಾಂಟಿನ ಪರವಾನಗಿ ಯಾರದ್ದು? ನಾನು ಬಂಗಾರದ ಅಂಚಿನ ಪತ್ರ ಕಳುಹಿಸಿದೆ. ಅದರಲ್ಲಿ ನನ್ನ ಹೆಸರಿತ್ತು, ಮಾರಿದವನ ಖಾತೆಯ ಹೆಸರಿತ್ತು. ಅಕ್ಷರ ರೂಪಿಸಿದವರ ಹೆಸರು ಎಲ್ಲಿಯೂ ಇರಲಿಲ್ಲ. ಫಾಂಟ್ ಎಂದರೆ ಬರೀ ಚಿತ್ರವಲ್ಲ, ಒಂದು ತಂತ್ರಾಂಶ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ರಕ್ಷಣೆ ಇದೆ. ನಾಳೆ ಯಾರಾದರೂ ನೋಟಿಸ್ ಕಳುಹಿಸಿದರೆ ಉತ್ತರ ಕೊಡಬೇಕಾದವರು ತಾವು ಎಂದು ಸಂಸ್ಥೆ ಹಿಂದೆ ಸರಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಪರಿಚಯದ ಡಿಟಿಪಿ ಅಣ್ಣನೊಬ್ಬರ ಪಕ್ಕ ಕುಳಿತು ಆ ಕಟ್ಟನ್ನು ಪೂರ್ತಿ ಬಿಚ್ಚಿದೆವು. ಬಹುಪಾಲು ಕಡತಗಳು ಉಚಿತ ಫಾಂಟ್‌ಗಳೇ, ಕಡತದ ಹೆಸರು ಮಾತ್ರ ಬೇರೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಟಿರೋ ಕನ್ನಡ, ಎಲ್ಲವೂ ಇದ್ದವು. ಇವು ಗೂಗಲ್ ಫಾಂಟ್ಸ್‌ನಲ್ಲಿ ಯಾರಿಗೂ ಪುಕ್ಕಟೆ ಸಿಗುತ್ತವೆ, ಹಣ ಪಡೆದು ಮಾಡುವ ಕೆಲಸಕ್ಕೂ ಬಳಸಬಹುದು. ಇವುಗಳ ಓಪನ್ ಫಾಂಟ್ ಲೈಸೆನ್ಸ್ ಬೇಡವೆನ್ನುವುದು ಫಾಂಟನ್ನೇ ಬಿಡಿಯಾಗಿ ಮಾರುವುದನ್ನು. ಪರವಾನಗಿಯ ಪಠ್ಯ ಜೊತೆಯಲ್ಲೇ ಹೋಗಬೇಕು ಎಂದೂ ಅದು ಹೇಳುತ್ತದೆ. ಮಾರಾಟಗಾರ ಎರಡನ್ನೂ ಗಾಳಿಗೆ ತೂರಿದ್ದ. ಕಡತದ ಹೆಸರು ಬದಲಿಸಿದರೂ ಒಳಗಿನ ಹೆಸರು ಹಾಗೆಯೇ ಉಳಿದಿರುತ್ತದೆ: ವಿಂಡೋಸ್‌ನಲ್ಲಿ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡೀಟೇಲ್ಸ್ ನೋಡಿದರೆ ಅಸಲಿ ಹೆಸರು, ಹಕ್ಕುದಾರರ ಹೆಸರು ಸಿಗುತ್ತದೆ. ಕೆಲವು ಕಡತಗಳಲ್ಲಿ ಆ ಜಾಗವನ್ನೇ ಅಳಿಸಿ ಹಾಕಿದ್ದರು. ಅವು ಎಲ್ಲಿಂದ ಬಂದವು ಎಂಬುದನ್ನು ಊಹಿಸಲು ಕಷ್ಟವಿಲ್ಲ.

ಇನ್ನೊಂದು ಪಾಲು ನನ್ನನ್ನು ಕೆಡವಿದ ಹಳೆಯ ಬಗೆಯವು, ಯೂನಿಕೋಡಿಗೆ ಮುಂಚಿನವು. ಮೂರನೆಯವು ಇನ್ನೂ ಅಪಾಯದವು: ಯಾವುದೋ ಹಳೆಯ ಫಾಂಟನ್ನು ಯಂತ್ರದಲ್ಲಿ ಯೂನಿಕೋಡಿಗೆ ಎಳೆದು ತಂದವು. ಬಿಡಿ ಅಕ್ಷರಗಳು ಸರಿಯಾಗಿರುತ್ತವೆ, ಒತ್ತಕ್ಷರ ಕೂಡಿಸುವ ನಿಯಮಗಳು ಮಾತ್ರ ಒಳಗಿಲ್ಲ. ಪರೀಕ್ಷೆಗೆ ನಮ್ಮ ಊರುಗಳ ಹೆಸರೇ ಸಾಕು. "ಕಾರ್ಕಳ" ಬರೆದರೆ ಅರ್ಕಾವತ್ತು ಎಲ್ಲಿ ಕೂರುತ್ತದೆ ನೋಡಿ, "ಬ್ರಹ್ಮಾವರ", "ಸುರತ್ಕಲ್", "ಉಳ್ಳಾಲ", "ಮಲ್ಪೆ" ಬರೆದು ಒತ್ತುಗಳನ್ನು ನೋಡಿ, ಕೊನೆಗೆ "ರಾಷ್ಟ್ರೀಯ" ಬರೆದು ಎರಡು ಒತ್ತು ಒಟ್ಟಿಗೆ ನಿಲ್ಲುತ್ತವೆಯೇ ನೋಡಿ. 1841ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಶುರುವಾದ ಊರು ನಮ್ಮದು. 1894ರಲ್ಲಿ ಕಿಟ್ಟೆಲ್ ನಿಘಂಟು ಅಲ್ಲಿಯೇ ಅಚ್ಚಾಯಿತು. ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಅವರು ಸಾಧಿಸಿದ್ದು ಈ "ಪ್ರೀಮಿಯಂ" ಕಡತಗಳಿಗೆ ಆಗಲಿಲ್ಲ.

ಈ ಪರೀಕ್ಷೆಯಲ್ಲೂ ಮೋಸ ಹೋಗುವ ಜಾಗವೊಂದಿದೆ, ಸ್ವಲ್ಪ ಗಮನ ಕೊಡಿ. ಫಾಂಟಿನಲ್ಲಿ ಕನ್ನಡದ ಯೂನಿಕೋಡ್ ಅಕ್ಷರಗಳೇ ಇಲ್ಲದಿದ್ದರೆ ವಿಂಡೋಸ್ ಸದ್ದಿಲ್ಲದೆ ತನ್ನದೇ ಫಾಂಟನ್ನು, ಅಂದರೆ ನಿರ್ಮಲಾ ಯುಐಯನ್ನು, ಹಳೆಯ ಯಂತ್ರಗಳಲ್ಲಿ ತುಂಗಾವನ್ನು, ತಂದು ತೋರಿಸುತ್ತದೆ. ಒತ್ತಕ್ಷರ ಸರಿಯಾಗಿ ಕಂಡಿತು, ಫಾಂಟ್ ಒಳ್ಳೆಯದು ಎಂದು ನೀವು ಖುಷಿಪಡುತ್ತೀರಿ. ಬೇರೆ ಬೇರೆ ಹೆಸರಿನ ಫಾಂಟ್‌ಗಳಲ್ಲಿ ಒಂದೇ ಮುಖ ಕಂಡರೆ ನೀವು ನೋಡುತ್ತಿರುವುದು ವಿಂಡೋಸಿನ ಫಾಂಟನ್ನು.

ನಾನು ದೂರು ಹೇಳಿದಾಗ ಮಾರಾಟಗಾರ ಕೊಟ್ಟ ಉತ್ತರ, "ಮೇಡಂ, ನಿಮ್ಮ ಇಲ್ಲಸ್ಟ್ರೇಟರ್ ಸೆಟ್ಟಿಂಗ್ ಸರಿ ಇಲ್ಲ." ಇದು ಅರ್ಧ ಸತ್ಯ, ಆದ್ದರಿಂದಲೇ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾವು ಡಿಸೈನಿಗೆ ಬಳಸುವ ತಂತ್ರಾಂಶವಾದ ಇಲ್ಲಸ್ಟ್ರೇಟರ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಕಂಪೋಸರ್, ಅಂದರೆ ಅಕ್ಷರ ಜೋಡಿಸುವ ಆಯ್ಕೆ, ಆರಿಸದಿದ್ದರೆ ಒಳ್ಳೆಯ ಫಾಂಟಿನಲ್ಲೂ ಒತ್ತಕ್ಷರ ಮುರಿಯುತ್ತದೆ, ನಿಜ. ಆದರೆ ಅದೇ ಪದವನ್ನು ಲಿಬ್ರೆ ಆಫೀಸ್ ರೈಟರ್‌ನಲ್ಲಿ ಅದೇ ಫಾಂಟಿನಲ್ಲಿ ಬರೆದಾಗಲೂ ಮುರಿದರೆ ಸೆಟ್ಟಿಂಗ್ ಮೇಲೆ ಗೂಬೆ ಕೂರಿಸಲು ಬರುವುದಿಲ್ಲ. ಎರಡರ ಸ್ಕ್ರೀನ್‌ಶಾಟ್ ಕಳುಹಿಸಿದೆ. ಅವನು ನನ್ನನ್ನು ಬ್ಲಾಕ್ ಮಾಡಿದ.

ಉಚಿತ ತುಳು ಫಾಂಟ್ ಬಗ್ಗೆ ಒಂದೇ ಮಾತು. ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, 16.0 ಆವೃತ್ತಿಯಲ್ಲಿ. ಕಟ್ಟಿನಲ್ಲಿದ್ದದ್ದು ಕನ್ನಡ ಅಕ್ಷರಗಳ ಸಂಕೇತದ ಮೇಲೆ ತುಳು ಆಕಾರ ಕೂರಿಸಿದ ಫಾಂಟ್. ಗೋಡೆಯ ಮೇಲೆ ಬರೆಸಲು ನಡೆಯಬಹುದು. ಬೇರೆಯವರ ಯಂತ್ರಕ್ಕೆ ಹೋದರೆ ಅದು ಕನ್ನಡವೇ.

ಹಣಕ್ಕೆ ಏನಾಯಿತು ಎಂದು ಕೇಳುವವರಿಗೆ: ಬ್ಯಾಂಕಿನವರು, ನೀವೇ ಪಿನ್ ಒತ್ತಿ ಕಳುಹಿಸಿದ್ದೀರಿ ಎಂದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ದೇನೆ, ಸ್ವೀಕೃತಿ ಸಂಖ್ಯೆ ಬಂದಿದೆ, ಅಷ್ಟೇ. ನೀವೂ ಕೊಂಡವರಾದರೆ ದೂರು ಕೊಡಿ. ಸಣ್ಣ ಮೊತ್ತವೆಂದು ಎಲ್ಲರೂ ಬಿಟ್ಟುಬಿಡುವುದರ ಮೇಲೆಯೇ ಇವನ ವ್ಯಾಪಾರ ನಿಂತಿದೆ. ಪಾವತಿಯ ಯುಪಿಐ ಸಂಖ್ಯೆ, ಕೊಂಡಿ, ಪ್ರಮಾಣಪತ್ರ, ಚಾಟ್, ಯಾವುದನ್ನೂ ಅಳಿಸಬೇಡಿ.

ಮಲ್ಲಿಗೆಯ ಇನ್ಫೋಗ್ರಾಫಿಕ್ ಅನ್ನು ಈಗ ಅನೇಕ್ ಕನ್ನಡದಲ್ಲಿ ಮತ್ತೆ ಕಟ್ಟುತ್ತಿದ್ದೇನೆ. ಅದರಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು, ದರದ ಪಟ್ಟಿಗೆ ಅದು ಹೇಳಿ ಮಾಡಿಸಿದ ಗುಣ. ಸಂಸ್ಥೆಯವರು ಬೇರೆಯವರಿಗೆ ಕೆಲಸ ಕೊಟ್ಟಾಗಿದೆ. ಮಾರಾಟಗಾರನ ಖಾತೆ ಕಳೆದ ವಾರದಿಂದ ಹೊಸ ಹೆಸರಿನಲ್ಲಿ ಓಡುತ್ತಿದೆ, ಬೆಲೆ 399ಕ್ಕೆ ಇಳಿದಿದೆ, ಮಾದರಿ ಚಿತ್ರಗಳು ಮಾತ್ರ ಹಳೆಯವೇ: ಹಳದಿ ಹಿನ್ನೆಲೆಯ ಮೇಲೆ ಕೆಂಪಿನಲ್ಲಿ "ಕರಾವಳಿ" ಎಂದು ಬರೆದದ್ದು. ಆ ಪದದಲ್ಲಿ ಒಂದೂ ಒತ್ತಕ್ಷರ ಇಲ್ಲ ಎಂಬುದನ್ನು ಗಮನಿಸಿ.