ಬೈಕಿನ ಅಡಿಗೆ ಅಂಟಿಸುವ ‘ಗ್ರೀನ್ ಸಿಗ್ನಲ್’ ಮ್ಯಾಗ್ನೆಟ್: ತಗೋಬೇಡಿ

ಐದರಲ್ಲಿ ಒಂದು ಸ್ಟಾರ್. ಬೇಜಾರಿನಿಂದಲೇ ಬರೆಯುತ್ತಿದ್ದೇನೆ, ಯಾಕಂದ್ರೆ ಇದು ಕೆಲಸ ಮಾಡಲಿ ಅಂತ ತುಂಬಾ ಆಸೆಪಟ್ಟಿದ್ದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಬೆಳಗ್ಗೆ ಐದೂವರೆಗೆ 300 ಸಿಸಿ ಬೈಕ್ ತಗೊಂಡು ಕೆಲಸಕ್ಕೆ ಹೊರಡುತ್ತೇನೆ. ಮನೆಯಿಂದ ಎರಡನೇ ಜಂಕ್ಷನ್ನಿನಲ್ಲಿ ಎಡಕ್ಕೆ ತಿರುಗಬೇಕು. ಆ ಹೊತ್ತಿಗೆ ಹಿಂದೆ ಮುಂದೆ ಒಂದು ಕಾರೂ ಇರುವುದಿಲ್ಲ. ನೇರ ಹೋಗುವವರಿಗೆ ಹಸಿರು ಬರುತ್ತದೆ, ಅಡ್ಡರಸ್ತೆಗೆ ಬರುತ್ತದೆ, ನನ್ನ ಎಡಬಾಣ ಮಾತ್ರ ಕೆಂಪಾಗಿಯೇ ಇರುತ್ತದೆ. ಒಂದು ಸುತ್ತು ಆಯಿತು, ಎರಡು, ಮೂರು. ಹಿಂದೆ ಒಂದು ಕಾರು ಬಂದು ನಿಂತರೆ ಸಾಕು, ಮುಂದಿನ ಸುತ್ತಿನಲ್ಲೇ ಹಸಿರು. ಅಂದರೆ ರಸ್ತೆಯೊಳಗಿನ ಸೆನ್ಸರ್‌ಗೆ ವಾಹನ ಕಂಡರೆ ಮಾತ್ರ ಈ ಬಾಣ ಬರುತ್ತದೆ, ನನ್ನ ಬೈಕ್ ಅದಕ್ಕೆ ಕಾಣುತ್ತಿಲ್ಲ. ಕತ್ತಲಲ್ಲಿ, ಚಳಿಯಲ್ಲಿ, ರಸ್ತೆ ನಡುವೆ ಒಬ್ಬರೇ ಹಾಗೆ ನಿಲ್ಲಲು ಭಯವಾಗುತ್ತದೆ. ಕೆಂಪಿದ್ದರೂ ನುಗ್ಗಿಬಿಡೋಣ ಅನ್ನಿಸುತ್ತದೆ, ಅದು ಇನ್ನೂ ಅಪಾಯ.

ಆಗ ಆನ್‌ಲೈನ್‌ನಲ್ಲಿ ಕಣ್ಣಿಗೆ ಬಿದ್ದಿದ್ದು ಈ ಮ್ಯಾಗ್ನೆಟ್. 25 ಡಾಲರ್. ಬೆಂಕಿಪೊಟ್ಟಣದಷ್ಟು ದೊಡ್ಡದು, ನಿಯೋಡೈಮಿಯಂನದು, ಎಂಜಿನ್ ಕೆಳಗೆ ಅಂಟಿಸಬೇಕು. ರಸ್ತೆಯ ಸೆನ್ಸರ್‌ಗೆ ನಿಮ್ಮ ಬೈಕ್ ಕಾರಿನ ಹಾಗೆ ಕಾಣುತ್ತದೆ ಅಂತ ಹೇಳಿಕೊಂಡಿದ್ದಾರೆ. ಐದು ದಿನ ಹಾಕಿಕೊಂಡು, ಐದು ದಿನ ತೆಗೆದು, ಲೇನಿನ ನಡುವೆ ಅದೇ ಜಾಗದಲ್ಲಿ ನಿಂತು ನೋಡಿದೆ. ಏನೂ ವ್ಯತ್ಯಾಸ ಇಲ್ಲ.

ಯಾಕೆ ಅಂತ ಕೂತು ಓದಿದೆ. ಮೊದಲೇ ಓದಿದ್ದರೆ ಕೊಳ್ಳುತ್ತಿರಲಿಲ್ಲ.

ಇಲ್ಲಿ ಸ್ಟಾಪ್ ಲೈನ್ ಹತ್ತಿರ ಡಾಂಬರನ್ನು ಗರಗಸದಲ್ಲಿ ಕೊಯ್ದು, ಆಮೇಲೆ ಕಪ್ಪು ಅಂಟು ತುಂಬಿದ ಗೆರೆಗಳು ಕಾಣುತ್ತವೆ. ಕೆಲವು ಕಡೆ ಚೌಕ, ಕೆಲವು ಕಡೆ ದುಂಡು, ಸುಮಾರು 6 ಅಡಿ ಅಗಲ. ಅದರೊಳಗೆ ಕೆಲವೇ ಸುತ್ತು ತಂತಿ ಇರುತ್ತದೆ, ಇದಕ್ಕೇ ಲೂಪ್ ಅನ್ನುವುದು. ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ಕರೆಂಟ್ ಅದರಲ್ಲಿ ಹರಿಯುತ್ತಿರುತ್ತದೆ. ಮೇಲೆ ಲೋಹ ಬಂದರೆ ಆ ಲೋಹದೊಳಗೆ ಸಣ್ಣ ಸುಳಿ ಕರೆಂಟ್ ಹುಟ್ಟಿ ತಂತಿಯ ಕಾಂತಕ್ಷೇತ್ರಕ್ಕೆ ಎದುರಾಗುತ್ತದೆ, ತಂತಿಯ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಅಡ್ಡಿಪಡಿಸುವ ಗುಣ) ಇಳಿಯುತ್ತದೆ, ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ದಿಕ್ಕು ಬದಲಿಸುವ ಸಲ, ಏರುತ್ತದೆ, ಜಂಕ್ಷನ್ ಮೂಲೆಯಲ್ಲಿರುವ ಲೋಹದ ಡಬ್ಬಿಯೊಳಗಿನ ಯಂತ್ರ ಅದನ್ನು ಹಿಡಿದು ಇಲ್ಲಿ ಯಾರೋ ಕಾಯುತ್ತಿದ್ದಾರೆ ಅಂತ ಗುರುತು ಮಾಡಿಕೊಳ್ಳುತ್ತದೆ. ಅಷ್ಟೇ. ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಎತ್ತರದ ಲಾರಿಗಿಂತ ನೆಲಕ್ಕೆ ಹತ್ತಿರವಿರುವ ಪುಟ್ಟ ಕಾರೇ ಅದಕ್ಕೆ ಚೆನ್ನಾಗಿ ಸಿಗುತ್ತದೆ.

ಅಯಸ್ಕಾಂತಕ್ಕೂ ಸಂಬಂಧವಿಲ್ಲ. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟುವುದೇ ಇಲ್ಲ ಅಲ್ವಾ, ಆದರೆ ಕರೆಂಟ್ ಚೆನ್ನಾಗಿ ಹರಿಯುವುದರಿಂದ ಅಲ್ಯೂಮಿನಿಯಂ ಚಕ್ರವನ್ನು ಈ ಲೂಪ್ ಚೆನ್ನಾಗಿಯೇ ಗುರುತಿಸುತ್ತದೆ. ಸುಮ್ನೆ ನಿಂತ ಒಂದು ತುಂಡು ಮ್ಯಾಗ್ನೆಟ್ ಅದರ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಬೈಕ್ ಯಾಕೆ ಸಿಗಲಿಲ್ಲ? ನಿಂತ ಜಾಗ ತಪ್ಪು. ನಮ್ಮ ಚಕ್ರ ಅಂದರೆ ನೆಟ್ಟಗೆ ನಿಂತ ಒಂದು ಲೋಹದ ಬಳೆ. ಲೂಪಿನ ನಟ್ಟನಡುವೆ ಕಾಂತಕ್ಷೇತ್ರವೂ ನೆಟ್ಟಗೆ ಮೇಲಕ್ಕೇ ಏಳುತ್ತದೆ, ಹಾಗಾಗಿ ಬಳೆಯೊಳಗೆ ತೂರುವುದಿಲ್ಲ, ಪಕ್ಕದಲ್ಲೇ ಸರಿದು ಹೋಗುತ್ತದೆ. ತಂತಿಯ ನೇರ ಮೇಲೆ ಮಾತ್ರ ಅದು ಅಡ್ಡಡ್ಡ ಬಾಗಿ ಚಕ್ರದ ಮೂಲಕ ಹಾದುಹೋಗುತ್ತದೆ. ಲೇನಿನ ನಡುವೆ ನಿಲ್ಲುವುದೇ ಸರಿ ಅಂತ ನಾವು ಕಲಿತಿದ್ದೇವೆ, ಚೌಕದ ಲೂಪಿಗೆ ಅದೇ ಕೆಟ್ಟ ಜಾಗ! ಪಕ್ಕದ ಗೆರೆಯ ಮೇಲೆ, ಗೆರೆಯ ಉದ್ದಕ್ಕೆ ಎರಡೂ ಚಕ್ರ ಬರುವ ಹಾಗೆ ನಿಲ್ಲಿ. ದುಂಡು ಲೂಪ್ ಆದರೆ ಅಂಚಿನ ಮೇಲೆ. ಎರಡು ಚೌಕ ಸೇರಿ ನಡುವೆ ಒಂದು ಗೆರೆ ಇದ್ದರೆ ಆ ನಡುಗೆರೆಯೇ ಎಲ್ಲಕ್ಕಿಂತ ಒಳ್ಳೆಯದು. ಮ್ಯಾಗ್ನೆಟ್ ತೆಗೆದಿಟ್ಟು ಎಡಗೆರೆಯ ಮೇಲೆ ನಿಂತ ಮೊದಲ ದಿನವೇ ನನಗೆ ಬಾಣ ಬಂತು. ಹೆಲ್ಮೆಟ್ ಒಳಗೇ ಜೋರಾಗಿ ಕೂಗಿದೆ.

ಹಾಗಿದ್ದರೆ ಅಷ್ಟೊಂದು ಜನ ಐದು ಸ್ಟಾರ್ ಕೊಟ್ಟಿದ್ದಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಿದ್ದಾರಾ? ಇಲ್ಲ ಅನ್ಸುತ್ತೆ. ಪೊಟ್ಟಣದ ಜೊತೆ ಬರುವ ಚೀಟಿಯಲ್ಲಿ ಗೆರೆಯ ಮೇಲೆ ನಿಲ್ಲಿ ಅಂತಲೂ ಬರೆದಿದೆ. ಚೀಟಿ ಓದಿ ಗೆರೆಯ ಮೇಲೆ ನಿಂತವರಿಗೆ ಹಸಿರು ಬಂದಿದೆ, ಹೆಸರು ಮ್ಯಾಗ್ನೆಟ್‌ಗೆ ಹೋಗಿದೆ. ಟೈಮರ್ ಮೇಲೆ ನಡೆಯುವ ಸಿಗ್ನಲ್ಲುಗಳಂತೂ ಯಾರಿದ್ದರೂ ಇಲ್ಲದಿದ್ದರೂ ಹಸಿರು ಕೊಡುತ್ತವೆ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಭೂಮಿಯ ಕಾಂತಕ್ಷೇತ್ರದ ಏರುಪೇರನ್ನು ನೋಡುವ ಪುಟ್ಟ ಸೆನ್ಸರನ್ನು ರಸ್ತೆಯಲ್ಲಿ ಹೂಳುವ ಪದ್ಧತಿಯೂ ಇದೆ, ಅಲ್ಲಿ ಮ್ಯಾಗ್ನೆಟ್‌ನಿಂದ ಸ್ವಲ್ಪ ಪರಿಣಾಮ ಆಗಬಹುದು. ಆದರೆ ಕೊಯ್ದ ಗೆರೆ ಕಾಣುವ ಕಡೆ ಇರುವುದು ಲೂಪೇ.

ಬೆಂಗಳೂರಿಂದ ಅಣ್ಣನ ಮಗ ಫೋನ್ ಮಾಡಿ ನನಗೂ ಒಂದು ಕಳಿಸಿ ಅಂದ. ಬೇಡ ಅಂದೆ. ಅಲ್ಲಿ ಈಗ ಸಿ-ಡ್ಯಾಕ್ ಅನ್ನುವ ಕೇಂದ್ರ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯ ತಂತ್ರಾಂಶದ ಮೇಲೆ ನಡೆಯುವ ಅಡಾಪ್ಟಿವ್, ಅಂದರೆ ವಾಹನ ನೋಡಿ ಹೊತ್ತು ಬದಲಿಸುವ, ಸಿಗ್ನಲ್ಲುಗಳು ಬಂದಿವೆ, ಅವು ಕಂಬದ ಮೇಲಿನ ಕ್ಯಾಮೆರಾದಿಂದ ನೋಡುತ್ತವೆ. ಕ್ಯಾಮೆರಾಗೆ ಎಂಜಿನ್ ಅಡಿಯಲ್ಲಿ ಏನು ಅಂಟಿಸಿದ್ದೀರಿ ಅನ್ನುವುದು ಕಾಣುವುದೂ ಇಲ್ಲ, ಬೇಕಾಗಿಯೂ ಇಲ್ಲ. ಲೇನ್ ಬಿಟ್ಟು ಸಂದಿಯಲ್ಲೆಲ್ಲ ಸ್ಕೂಟರ್ ನಿಲ್ಲುವ, ಆಗಾಗ ರಸ್ತೆ ಅಗೆಯುವ ಊರಿಗೆ ನೆಲದೊಳಗಿನ ತಂತಿಗಿಂತ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಇನ್ನೊಂದು ವಿಷಯ. ವಾಹನ ಗುರುತಿಸಿ ಹಸಿರು ಕೊಡುವ ಸಿಗ್ನಲ್ಲುಗಳನ್ನು ಹೊಸದಾಗಿ ಹಾಕಿದರೆ ಅಥವಾ ಅವುಗಳ ಲೂಪ್ ಬದಲಿಸಿದರೆ ಅವು ಸೈಕಲ್, ಮೋಟರ್‌ಸೈಕಲ್ಲನ್ನೂ ಗುರುತಿಸಲೇಬೇಕು ಅಂತ 2007ರಲ್ಲೇ ಇಲ್ಲಿ ಕಾನೂನು ಆಗಿದೆ. ಗೆರೆಯ ಮೇಲೆ ನಿಂತರೂ ಹಸಿರು ಬರದಿದ್ದರೆ ನಿಮ್ಮ ಊರಿನ ಆಡಳಿತಕ್ಕೆ ಬರೆಯಿರಿ, ಯಾವ ಜಂಕ್ಷನ್, ಯಾವ ದಿಕ್ಕು, ಯಾವ ಲೇನ್, ಎಷ್ಟು ಹೊತ್ತಿಗೆ ಅಂತ ಬಿಡಿಸಿ ಹೇಳಿ. ಡಬ್ಬಿಯಲ್ಲಿ ಸೂಕ್ಷ್ಮತೆ ಜಾಸ್ತಿ ಮಾಡಲು ಬರುತ್ತದೆ. ನಾನೂ ಬರೆದೆ. ಮೂರು ವಾರದ ಮೇಲೆ ಆ ಲೇನಿನಲ್ಲಿ, ಸರಿಯಾಗಿ ನಿಲ್ಲಬೇಕಾದ ಜಾಗದಲ್ಲಿ, ಬಿಳಿ ಬಣ್ಣದ ಸೈಕಲ್ ಸವಾರನ ಚಿತ್ರ, ಅದರ ಮೇಲೊಂದು ಕೆಳಗೊಂದು ಗೆರೆ ಬಂದಿದೆ. ಈಗ ದಿನಾ ಅದರ ಮೇಲೇ ನಿಲ್ಲುತ್ತೇನೆ.