‘ಬೋರ್ಡ್ ಮುಂದೆ ಬರುತ್ತದೆ’ ಎಂಬ ಕೌಂಟಿ ಕಚೇರಿಯ ಮಾತನ್ನು ನಂಬಿ ಕೂರಬೇಡಿ

ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಸಭಾಂಗಣವನ್ನೋ ಗ್ರಂಥಾಲಯದ ಕೋಣೆಯನ್ನೋ ಬಾಡಿಗೆಗೆ ಪಡೆದು ಕನ್ನಡ ತರಗತಿ ನಡೆಸುವವರೆಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಮ್ಮ ಶನಿವಾರದ ಕನ್ನಡ ಶಾಲೆ ಆರು ವರ್ಷ ನಡೆದ ಸಭಾಂಗಣವನ್ನು ಕೌಂಟಿ ಖಾಸಗಿಯವರಿಗೆ ಲೀಸ್‌ಗೆ ಕೊಟ್ಟಿದೆ. ಕೊಟ್ಟದ್ದಕ್ಕಿಂತ, ನಮ್ಮ ಕಣ್ಣೆದುರೇ ನಮಗೆ ತಿಳಿಯದಂತೆ ಕೊಟ್ಟ ರೀತಿ ನನ್ನನ್ನು ಇಂದಿಗೂ ಸುಡುತ್ತಿದೆ.

ನಾವಿರುವುದು ಯಾವ ನಗರಾಡಳಿತಕ್ಕೂ ಸೇರದ ಪ್ರದೇಶ. ಇಲ್ಲಿನ ಸಾರ್ವಜನಿಕ ಆಸ್ತಿಯ ಬಗ್ಗೆ ತೀರ್ಮಾನಿಸುವುದು ಸೂಪರ್‌ವೈಸರ್‌ಗಳೆಂಬ ಐದು ಮಂದಿ ಚುನಾಯಿತ ಪ್ರತಿನಿಧಿಗಳ ಬೋರ್ಡ್. ಲೀಸ್ ಸುದ್ದಿ ಕಿವಿಗೆ ಬಿದ್ದ ದಿನವೇ ಕೌಂಟಿಯ ಆಸ್ತಿ ವಿಭಾಗಕ್ಕೆ ಫೋನ್ ಮಾಡಿದೆ. ‘ಇನ್ನೂ ಏನೂ ನಿರ್ಧಾರವಾಗಿಲ್ಲ, ಬೋರ್ಡ್ ಮುಂದೆ ಬರುತ್ತದೆ, ಆಗ ನೀವು ಮಾತನಾಡಬಹುದು’ ಎಂದರು. ಇಮೇಲ್ ಬರೆದೆ, ಅದೇ ಉತ್ತರ. ನಾನು ಅದನ್ನು ನಂಬಿದ್ದಷ್ಟೇ ಅಲ್ಲ, ‘ಹೆದರಬೇಡಿ, ಮೊದಲು ನಮ್ಮ ಮಾತು ಕೇಳುತ್ತಾರೆ’ ಎಂದು ಇಪ್ಪತ್ತಾರು ಮನೆಗಳ ತಂದೆತಾಯಂದಿರಿಗೂ ಭರವಸೆ ಕೊಟ್ಟೆ. ಇದನ್ನು ನೆನೆದರೆ ಇಂದಿಗೂ ಮುಖ ಎತ್ತಲಾಗುವುದಿಲ್ಲ.

ಪತ್ರ ಬರುತ್ತದೆಂದು ಕಾದೆವು. ಪತ್ರ ಬರಲೇ ಇಲ್ಲ. ಒಂದು ಶುಕ್ರವಾರ ಸಂಜೆ ಗೆಳತಿಯೊಬ್ಬರು ಮುಂದಿನ ಮಂಗಳವಾರದ ಸಭೆಯ ಅಜೆಂಡಾ ಕಳುಹಿಸಿದರು. ಅದರಲ್ಲಿ ಸಭಾಂಗಣದ ಹೆಸರೇ ಇರಲಿಲ್ಲ. ಜಾಗದ ಪಾರ್ಸೆಲ್ ಸಂಖ್ಯೆ (ನಮ್ಮ ಕಡೆಯ ಸರ್ವೆ ನಂಬರ್ ಇದ್ದಂತೆ), ‘ಲೀಸ್ ಒಪ್ಪಂದಕ್ಕೆ ಅನುಮೋದನೆ’ ಎಂಬ ಒಂದು ಸಾಲು, ಅಷ್ಟೇ. ಸ್ಥಳೀಯ ಸಂಸ್ಥೆಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕೆನ್ನುವ 1953ರ ಕ್ಯಾಲಿಫೋರ್ನಿಯಾ ಕಾಯ್ದೆ ಬ್ರೌನ್ ಆ್ಯಕ್ಟ್ ಪ್ರಕಾರ ನಿಯಮಿತ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲು ಪ್ರಕಟಿಸಿದರೆ ಸಾಕು. ವಿಷಯದ ವಿವರಣೆ ಸಾಮಾನ್ಯವಾಗಿ 20 ಪದಗಳನ್ನು ಮೀರಬೇಕಿಲ್ಲ ಎಂದೂ ಆ ಕಾಯ್ದೆಯೇ ಹೇಳುತ್ತದೆ. ಬಾಡಿಗೆಯ ದರ, ಪಾವತಿಯ ಷರತ್ತುಗಳ ಬಗ್ಗೆ ತಮ್ಮ ಸಂಧಾನಕಾರರಿಗೆ ಸೂಚನೆ ಕೊಡಲು ಬೋರ್ಡ್ ಮುಚ್ಚಿದ ಬಾಗಿಲ ಹಿಂದೆ ಕೂರುವುದಕ್ಕೂ ಅವಕಾಶವಿದೆ.

ಕೆಲಸಕ್ಕೆ ರಜೆ ಹಾಕಿ, ಮಕ್ಕಳು ಬರೆದ ಪತ್ರಗಳನ್ನು ಹಿಡಿದು ಸಭೆಗೆ ಹೋದೆ. ನಮ್ಮ ವಿಷಯ ಇಪ್ಪತ್ತೇಳನೆಯದು. ಆ ಸಂಖ್ಯೆಯನ್ನು ಕೂಗಿದಾಗ ಎದ್ದು ಮಾತನಾಡಬೇಕೆಂದು ಕಾಯುತ್ತಲೇ ಇದ್ದೆ. ಅಧ್ಯಕ್ಷರು ಮೂವತ್ತೆರಡನೆಯ ವಿಷಯವನ್ನು ಆರಂಭಿಸಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮದು ‘ಕನ್ಸೆಂಟ್ ಕ್ಯಾಲೆಂಡರ್’ ಎಂಬ ಪಟ್ಟಿಯಲ್ಲಿತ್ತು. ಆ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಚರ್ಚಿಸುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಒಂದೇ ಮತದಲ್ಲಿ ಅಂಗೀಕರಿಸಿಬಿಡುತ್ತಾರೆ. ಆ ಮತ ನಾನು ಅಲ್ಲೇ ಕುಳಿತಿರುವಾಗಲೇ, ನನ್ನ ಕಿವಿಗೆ ಬೀಳುವಂತೆಯೇ, ಒಂದು ನಿಮಿಷದೊಳಗೆ ಮುಗಿದಿತ್ತು! ಓಡಿ ಹೋಗಿ ಗುಮಾಸ್ತರನ್ನು ಕೇಳಿದರೆ, ‘ಆ ಪಟ್ಟಿಯ ಮೇಲೆ ಮಾತನಾಡುವ ಸಮಯ ಮತಕ್ಕೆ ಮೊದಲೇ ಇತ್ತಲ್ಲ, ಮುಗಿಯಿತು’ ಎಂದರು. ಕರ್ನಾಟಕದ ನಮ್ಮ ಊರಿನ ಪುರಸಭೆಯಲ್ಲಾದರೆ ವಾರ್ಡಿನ ಸದಸ್ಯರ ಮನೆ ಬಾಗಿಲಿಗಾದರೂ ಹೋಗಿ ಕೇಳಬಹುದಿತ್ತು ಎಂದು ಆ ಕ್ಷಣ ಅನಿಸಿತು.

ಮರುದಿನ ಆಸ್ತಿ ವಿಭಾಗಕ್ಕೆ ಬರೆದಾಗ ಬಂದ ಉತ್ತರ ಇದು: ‘ನಿಮಗೆ ತಿಳಿಸಿದ್ದಂತೆಯೇ ವಿಷಯ ಬೋರ್ಡ್ ಮುಂದೆ ಬಂದಿತ್ತು, ಸಾರ್ವಜನಿಕರಿಗೆ ಅವಕಾಶವೂ ಇತ್ತು.’ ಒಂದು ಪದವೂ ಸುಳ್ಳಲ್ಲ. ಬೋರ್ಡ್ ಮುಂದೆ ಬಂದಿತ್ತು, ಹೌದು. ಆದರೆ ಯಾವಾಗ ಬರುತ್ತದೆ, ಯಾವ ಪಟ್ಟಿಯಲ್ಲಿ ಬರುತ್ತದೆ ಎಂಬುದನ್ನು ನಾನು ಎರಡು ಸಲ ವಿಚಾರಿಸಿದಾಗಲೂ ಅವರು ಹೇಳಲಿಲ್ಲ. ಸಭಾಂಗಣ ಬಳಸುತ್ತಿದ್ದವರಿಗೆ ಒಂದು ಇಮೇಲ್ ಕಳುಹಿಸಲು ಎಷ್ಟು ಹೊತ್ತು ಬೇಕಿತ್ತು?

ಆದ್ದರಿಂದ ಅಜೆಂಡಾ ಕಳುಹಿಸುವಂತೆ ಕೌಂಟಿಗೆ ಇಂದೇ ಲಿಖಿತವಾಗಿ ಕೇಳಿ. ಆ ಕೋರಿಕೆ ಆ ವರ್ಷಕ್ಕೆ ಮಾತ್ರ ಸಲ್ಲುತ್ತದೆ, ಪ್ರತಿ ಜನವರಿಯಲ್ಲಿ ಮತ್ತೆ ಸಲ್ಲಿಸಬೇಕು. ಅಜೆಂಡಾ ಕೈಗೆ ಬಂದೊಡನೆ ಮೊದಲು ಕನ್ಸೆಂಟ್ ಪಟ್ಟಿಯನ್ನು ನೋಡಿ. ನಿಮ್ಮ ಕಟ್ಟಡದ ಪಾರ್ಸೆಲ್ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಿ. ನಿಮ್ಮ ವಿಷಯ ಆ ಪಟ್ಟಿಯಲ್ಲಿದ್ದರೆ, ಅದನ್ನು ಹೊರತೆಗೆದು ಪ್ರತ್ಯೇಕವಾಗಿ ಚರ್ಚಿಸುವಂತೆ ನಿಮ್ಮ ಭಾಗದ ಸೂಪರ್‌ವೈಸರ್ ಕಚೇರಿಗೆ ಸಭೆಗೆ ಮೊದಲೇ ಬರೆಯಿರಿ. ‘ಬೋರ್ಡ್ ಮುಂದೆ ಬರುತ್ತದೆ’ ಎಂದು ಯಾರಾದರೂ ಹೇಳಿದರೆ, ಯಾವ ತಾರೀಕು, ಯಾವ ಪಟ್ಟಿ ಎಂದು ಅಲ್ಲೇ ಕೇಳಿ, ಉತ್ತರ ಬರುವವರೆಗೂ ಬಿಡಬೇಡಿ.